ಅಡುಗೆ ಕಲಿಯುತ್ತಿದ್ದೀರಾ? ಹೆದರಬೇಕಾದ್ದು ಬೇಳೆಯ ನೊರೆಗಲ್ಲ, ರಾತ್ರಿಯಿಡೀ ಹೊರಗಿಟ್ಟ ಅನ್ನಕ್ಕೆ

ಮೊದಲ ಸಲ ಊರು ಬಿಟ್ಟು ಬಂದು ರೂಮು ಮಾಡಿದವರು, ಪೀಜಿ ಊಟ ಸಾಕಾಗಿ ಸಣ್ಣ ಸ್ಟೌವ್ ಕೊಂಡವರು, ಮನೆಯಾಕೆಗೆ ಹುಷಾರಿಲ್ಲವೆಂದು ಐವತ್ತರ ವಯಸ್ಸಿನಲ್ಲಿ ಅಡುಗೆಮನೆಗೆ ಕಾಲಿಟ್ಟ ಅಪ್ಪಂದಿರು. ಅಡುಗೆ ಕಲಿಯಲು ಹೊರಟವರೆಲ್ಲ ಈಗ ಮೊದಲು ಮಾಡುವ ಕೆಲಸ ಮೊಬೈಲ್ ತೆಗೆಯುವುದು. ಅಲ್ಲಿ ಅಡುಗೆಯ ವಿಡಿಯೊ ಒಂದಿದ್ದರೆ ಹೆದರಿಸುವ ಫಾರ್ವರ್ಡ್ ನಾಲ್ಕಿರುತ್ತವೆ. ಕುಕ್ಕರ್ ಅನ್ನ ತಿಂದರೆ ಸಕ್ಕರೆ ಕಾಯಿಲೆಯಂತೆ, ಬೇಳೆಯ ನೊರೆಯೆಂದರೆ ಯೂರಿಕ್ ಆಸಿಡ್ ಅಂತೆ, ಮೊಸರಿಗೆ ಉಪ್ಪು ಬಿದ್ದರೆ ವಿಷವಂತೆ, ಪಡಿತರ ಅಕ್ಕಿಯಲ್ಲಿ ಪ್ಲಾಸ್ಟಿಕ್ ಇದೆಯಂತೆ. ಎಲ್ಲವನ್ನೂ ನಂಬಿದರೆ ಒಲೆ ಹಚ್ಚುವ ಧೈರ್ಯವೇ ಬರುವುದಿಲ್ಲ. ಕೊನೆಗೆ ಪಾರ್ಸೆಲ್ ಊಟವೇ ಗತಿ.

ಹಾಗಾಗಿ ಈ ಸಲ ನಾವು ಐದು ಸುಲಭದ ಅಡುಗೆಗಳನ್ನು ಆರಿಸಿಕೊಂಡಿದ್ದೇವೆ: ಅನ್ನ, ಬೇಳೆ ಸಾರು, ಉಪ್ಪಿಟ್ಟು, ಚಿತ್ರಾನ್ನ, ಮೊಸರನ್ನ. ಪ್ರತಿಯೊಂದನ್ನೂ ಮಾಡುವ ಬಗೆ, ಅದು ಹಾಗೇಕೆ ಆಗುತ್ತದೆ ಎಂಬ ವಿಜ್ಞಾನ, ಅದರ ಬೆನ್ನಿಗಂಟಿದ ಫಾರ್ವರ್ಡ್ ಎಷ್ಟು ನಿಜ ಎಂಬುದನ್ನು ಒಟ್ಟಿಗೇ ನೋಡೋಣ. ಅಡುಗೆಮನೆಯಲ್ಲಿ ನಿಜವಾದ ಅಪಾಯಗಳೂ ಇವೆ. ಆದರೆ ಅವು ಫಾರ್ವರ್ಡ್ ಆಗುವುದು ಕಡಿಮೆ. ರೊಟ್ಟಿ, ಮುದ್ದೆ ಯಾಕಿಲ್ಲ ಎಂದು ಉತ್ತರ ಕರ್ನಾಟಕದವರೂ ಹಳೆ ಮೈಸೂರಿನವರೂ ಕೇಳಬಹುದು. ರೊಟ್ಟಿ ಬಡಿಯಲು, ಮುದ್ದೆ ತಿರುವಲು ಕೈ ಪಳಗಬೇಕು. ಮೊದಲ ವಾರದಲ್ಲೇ ಅದಕ್ಕೆ ಕೈ ಹಾಕಿ ಬೇಸರ ಮಾಡಿಕೊಳ್ಳುವುದು ಬೇಡ ಎಂಬುದು ನಮ್ಮ ಅಭಿಪ್ರಾಯ.

ಒಲೆ ಹಚ್ಚುವ ಮುಂಚೆ

ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲಕ್ಕೆ ಹೋಗದೆ ನೆಲದ ಮಟ್ಟದಲ್ಲೇ ಹರಡಿ ನಿಲ್ಲುತ್ತದೆ. ಅದಕ್ಕೆ ಸ್ವಂತ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಸೋರಿದ್ದು ಗೊತ್ತಾಗಲಿ ಎಂದೇ ಈಥೈಲ್ ಮರ್ಕ್ಯಾಪ್ಟನ್ ಎಂಬ ಕೆಟ್ಟ ವಾಸನೆಯ ರಾಸಾಯನಿಕ ಬೆರೆಸುತ್ತಾರೆ. ಆ ವಾಸನೆ ಬಂದಾಗ ಲೈಟು ಹಾಕಬೇಡಿ, ಉರಿಯುತ್ತಿರುವ ಲೈಟನ್ನು ಆರಿಸಲೂ ಬೇಡಿ, ಗಾಳಿ ಹೋಗಲಿ ಎಂದು ಫ್ಯಾನ್ ಹಾಕುವುದಂತೂ ಬೇಡವೇ ಬೇಡ. ಸ್ವಿಚ್ಚಿನೊಳಗಿನ ಸಣ್ಣ ಕಿಡಿಯೇ ಸಾಕು. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು, ಮನೆಯಿಂದ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಗ್ಯಾಸ್ ಸೋರಿಕೆಗೆಂದೇ ಇರುವ ಸಹಾಯವಾಣಿ ಅದು.

ಸಿಲಿಂಡರಿನ ಮೇಲೆ ಬರೆದಿರುವ ಅಕ್ಷರ, ಅಂಕಿ ಅದರ ಎಕ್ಸ್‌ಪೈರಿ ದಿನಾಂಕ ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಅದು ಅರ್ಧ ನಿಜ. ‘ಎ’ ಎಂದರೆ ಜನವರಿಯಿಂದ ಮಾರ್ಚ್, ‘ಬಿ’ ಏಪ್ರಿಲ್‌ನಿಂದ ಜೂನ್, ‘ಸಿ’ ಜುಲೈಯಿಂದ ಸೆಪ್ಟೆಂಬರ್, ‘ಡಿ’ ಅಕ್ಟೋಬರ್‌ನಿಂದ ಡಿಸೆಂಬರ್. ಪಕ್ಕದ ಅಂಕಿ ವರ್ಷ. ಆದರೆ ಅದು ಗ್ಯಾಸ್ ಕೆಡುವ ದಿನವಲ್ಲ, ಆ ಸಿಲಿಂಡರನ್ನು ಮುಂದಿನ ಸುರಕ್ಷತಾ ಪರೀಕ್ಷೆಗೆ ಒಳಪಡಿಸಬೇಕಾದ ಅವಧಿ. ಅವಧಿ ದಾಟಿದ ಸಿಲಿಂಡರ್ ಬಂದರೆ ಬದಲಿಸಿಕೊಡಿ ಎಂದು ಕೇಳಿ. ಸ್ಫೋಟವಾಗುತ್ತದೆಂದು ಗಾಬರಿ ಬೀಳಬೇಕಿಲ್ಲ.

ಅನ್ನ: ನೀರು, ಉರಿ, ತಾಳ್ಮೆ

ಒಂದು ಲೋಟ ಸೋನಾ ಮಸೂರಿ ಅಕ್ಕಿ ಇಬ್ಬರಿಗೆ ಸಾಕು. ಎರಡು ಸಲ ತೊಳೆಯಿರಿ. ನೀರು ಕನ್ನಡಿಯಂತಾಗುವ ತನಕ ಏಳೆಂಟು ಸಲ ಉಜ್ಜಿ ತೊಳೆದರೆ ನೀರಿನಲ್ಲಿ ಕರಗುವ ಬಿ ವಿಟಮಿನ್‌ಗಳೂ ಜೊತೆಗೇ ಹೋಗುತ್ತವೆ. ಕುಕ್ಕರಿನಲ್ಲಿ ಒಂದಕ್ಕೆ ಎರಡೂವರೆ ಲೋಟ ನೀರು ಹಾಕಿ ಮೂರು ವಿಷಲ್ ಕೂಗಿಸಿ. ಅನ್ನ ಉದುರುದುರಾಗಿ ಬೇಕೆಂದರೆ ನೀರು ಎರಡು ಲೋಟಕ್ಕೆ ಇಳಿಸಿ. ಅಕ್ಕಿ ಹಳೆಯದಾದಷ್ಟೂ ಹೆಚ್ಚು ನೀರು ಕುಡಿಯುತ್ತದೆ. ಅದಕ್ಕೇ ಹೊಸ ಮೂಟೆ ಬಿಚ್ಚಿದ ದಿನ ಅನುಭವಸ್ಥರ ಅನ್ನವೂ ಮುದ್ದೆಯಾಗುವುದು. ಕರಾವಳಿಯ ಕುಚಲಕ್ಕಿಗೆ ಈ ಲೆಕ್ಕ ನಡೆಯುವುದಿಲ್ಲ. ಅದಕ್ಕೆ ನೀರೂ ಹೆಚ್ಚು, ಹೊತ್ತೂ ಹೆಚ್ಚು.

ಕುಕ್ಕರಿನೊಳಗೆ ನಡೆಯುವುದೇನು? ಮಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿ ಸುಮಾರು 97 ಡಿಗ್ರಿಯಲ್ಲೇ ಕುದಿ ಬರುತ್ತದೆ. ಅದಕ್ಕಿಂತ ಎಷ್ಟು ಉರಿ ಕೊಟ್ಟರೂ ನೀರು ಆವಿಯಾಗಿ ಹೋಗುತ್ತದೆಯೇ ಹೊರತು ಇನ್ನಷ್ಟು ಬಿಸಿಯಾಗುವುದಿಲ್ಲ. ಮುಚ್ಚಿದ ಕುಕ್ಕರಿನಲ್ಲಿ ಆವಿ ಹೊರಹೋಗದೆ ಒತ್ತಡ ಏರುತ್ತದೆ, ನೀರಿನ ಕುದಿಬಿಂದು ಸುಮಾರು 120 ಡಿಗ್ರಿಯ ತನಕ ಹೋಗುತ್ತದೆ. ಅರ್ಧ ಗಂಟೆಯ ಕೆಲಸ ಹತ್ತು ನಿಮಿಷದಲ್ಲಿ ಮುಗಿಯುವ ಗುಟ್ಟು ಇಷ್ಟೇ. ಡೆನಿಸ್ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿ 1679ರಲ್ಲೇ ಇಂಥದ್ದೊಂದು ಪಾತ್ರೆ ಮಾಡಿ ತೋರಿಸಿದ್ದ.

ಒಳಗಿನ ಒತ್ತಡ ಇಳಿಯುವ ಮುಂಚೆ ಮುಚ್ಚಳ ತೆರೆಯಲು ಹೋಗುವುದೇ ಇಲ್ಲಿಯ ನಿಜವಾದ ಅಪಾಯ. ಚಮಚದಿಂದ ವೆಯ್ಟ್ ಎತ್ತಿ ಆವಿ ಬಿಡುವ ಅಭ್ಯಾಸವನ್ನು ಕಲಿಯಲೇಬೇಡಿ. ಗ್ಯಾಸ್ ಆರಿಸಿ ಹತ್ತು ನಿಮಿಷ ಸುಮ್ಮನೆ ಬಿಡಿ. ಕುಕ್ಕರಿನ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ತುಂಬಬಾರದು. ನೊರೆ ಬರುವ ಬೇಳೆಯಾದರೆ ಅರ್ಧವೇ ಮಿತಿ. ಮುಚ್ಚಳ ಹಾಕುವ ಮುಂಚೆ ವೆಯ್ಟ್ ಕೂರುವ ರಂಧ್ರವನ್ನು ಬೆಳಕಿಗೆ ಹಿಡಿದು ನೋಡಿ. ಬೆಳಕು ಕಾಣದಿದ್ದರೆ ಅಲ್ಲೇನೋ ಸಿಕ್ಕಿಕೊಂಡಿದೆ ಎಂದರ್ಥ.

ಕುಕ್ಕರ್ ಅನ್ನದಿಂದ ಸಕ್ಕರೆ ಕಾಯಿಲೆ ಬರುತ್ತದಾ?

ಗಂಜಿ ಬಸಿಯದೆ ಮಾಡಿದ ಅನ್ನದಲ್ಲಿ ಪಿಷ್ಟವೆಲ್ಲ ಉಳಿದುಬಿಡುತ್ತದೆ, ಬಸಿದರೆ ಅದು ಹೊರಟುಹೋಗುತ್ತದೆ ಎಂಬುದು ಫಾರ್ವರ್ಡ್‌ನ ವಾದ. ಕೇಳಲು ಸರಿಯೆನಿಸುತ್ತದೆ. ಆದರೆ 100 ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ, ಅದರಲ್ಲಿ ಬಹುಪಾಲು ಪಿಷ್ಟವೇ. ಬಸಿದ ಗಂಜಿಯಲ್ಲಿ ಹೋಗುವುದು ಅದರ ಸಣ್ಣ ಪಾಲು, ಉಳಿದದ್ದೆಲ್ಲ ಅಗುಳಿನಲ್ಲೇ ಇರುತ್ತದೆ. ಇಲ್ಲದಿದ್ದರೆ ಬಸಿದ ಅನ್ನ ತಿಂದವರಿಗೆ ಹೊಟ್ಟೆಯೇ ತುಂಬುತ್ತಿರಲಿಲ್ಲ. ರಕ್ತದಲ್ಲಿ ಸಕ್ಕರೆ ಎಷ್ಟು ಬೇಗ ಏರುತ್ತದೆ ಎನ್ನುವುದು ಅಕ್ಕಿಯ ತಳಿ, ತಿಂದ ಪ್ರಮಾಣ, ಜೊತೆಗಿರುವ ಬೇಳೆ, ಪಲ್ಯ ಇವುಗಳ ಮೇಲೆ ನಿಂತಿದೆ. ಸಕ್ಕರೆ ಕಾಯಿಲೆ ಇರುವವರು ತಟ್ಟೆಯಲ್ಲಿ ಅನ್ನ ತಗ್ಗಿಸಿ ಪಲ್ಯ ಹೆಚ್ಚಿಸಿದರೆ ಉಪಯೋಗವಿದೆ. ಕುಕ್ಕರನ್ನು ಅಟ್ಟಕ್ಕೆ ಹಾಕಿದರೆ ಇಲ್ಲ.

ತೇಲುವ ಅಕ್ಕಿ ಪ್ಲಾಸ್ಟಿಕ್ ಅಲ್ಲ

ಹೊಸದಾಗಿ ಅಡುಗೆ ಮಾಡುವವರು ಪಡಿತರ ಅಕ್ಕಿ ತೊಳೆಯುವಾಗ ಕೆಲವು ಕಾಳುಗಳು ತೇಲುವುದನ್ನು ಕಂಡು ಬೆಚ್ಚುತ್ತಾರೆ. ಬಣ್ಣವೂ ತುಸು ಬೇರೆ, ಆಕಾರವೂ ಬೇರೆ. ಅಲ್ಲಿಗೆ ಪ್ಲಾಸ್ಟಿಕ್ ಅಕ್ಕಿಯ ವಿಡಿಯೊ ನೆನಪಾಗುತ್ತದೆ, ಅಕ್ಕಿ ಮೋರಿಗೆ ಹೋಗುತ್ತದೆ. ಇದು ಬರೀ ತಮಾಷೆಯ ಮಾತಲ್ಲ. ತಿಂಗಳಿಡೀ ಅದೇ ಅಕ್ಕಿಯನ್ನು ನಂಬಿದ ಮನೆಗೆ ಅದು ಊಟದ ನಷ್ಟ.

ಆ ಕಾಳುಗಳು ಸಾರವರ್ಧಿತ ಅಕ್ಕಿಯವು. ಅಕ್ಕಿ ಹಿಟ್ಟಿಗೆ ಕಬ್ಬಿಣದ ಅಂಶ, ಫೋಲಿಕ್ ಆಮ್ಲ, ಬಿ12 ವಿಟಮಿನ್ ಸೇರಿಸಿ ಯಂತ್ರದಲ್ಲಿ ಒತ್ತಿ ಮತ್ತೆ ಅಕ್ಕಿಯ ಆಕಾರಕ್ಕೆ ತರುತ್ತಾರೆ. ಅಂಥ ಒಂದು ಕಾಳನ್ನು ನೂರು ಸಾಮಾನ್ಯ ಕಾಳುಗಳಿಗೆ ಬೆರೆಸುತ್ತಾರೆ. ಸರ್ಕಾರಿ ಯೋಜನೆಗಳ ಅಕ್ಕಿಯನ್ನೆಲ್ಲ ಹೀಗೆ ಸಾರವರ್ಧನೆ ಮಾಡುವುದಾಗಿ ಪ್ರಧಾನಿ 2021ರ ಆಗಸ್ಟ್ 15ರ ಭಾಷಣದಲ್ಲಿ ಘೋಷಿಸಿದ್ದರು. ಹಿಟ್ಟನ್ನು ಒತ್ತಿ ಮಾಡಿದ ಕಾಳಾದ್ದರಿಂದ ಕೆಲವು ತೇಲುತ್ತವೆ. ಅವನ್ನು ಆರಿಸಿ ಎಸೆದರೆ ವಿಟಮಿನ್ನನ್ನೇ ಎಸೆದಂತೆ. ಇನ್ನು ಅನ್ನ ಉಂಡೆ ಮಾಡಿ ನೆಲಕ್ಕೆ ಹೊಡೆದು ಪುಟಿಸುವ ವಿಡಿಯೊ? ಬೆಂದ ಪಿಷ್ಟ ಅಂಟಂಟು, ಒತ್ತಿ ಕಟ್ಟಿದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಒಳ್ಳೆಯ ಅಕ್ಕಿಯ ಉಂಡೆಯೂ ಪುಟಿಯುತ್ತದೆ. ಬೇಕಾದರೆ ನಿಮ್ಮ ಮನೆಯ ಅನ್ನದಲ್ಲೇ ಮಾಡಿ ನೋಡಿ.

ಬೇಳೆ ಸಾರು: ಹುಳಿ ಯಾವಾಗ ಹಾಕಬೇಕು?

ಅರ್ಧ ಲೋಟ ತೊಗರಿಬೇಳೆ ತೊಳೆದು, ಎರಡು ಲೋಟ ನೀರು, ಚಿಟಿಕೆ ಅರಿಶಿನ, ಅರ್ಧ ಚಮಚ ಎಣ್ಣೆ ಹಾಕಿ ಕುಕ್ಕರಿನಲ್ಲಿ ನಾಲ್ಕು ವಿಷಲ್ ಕೂಗಿಸಿ. ತಣ್ಣಗಾದ ಮೇಲೆ ಸೌಟಿನಲ್ಲಿ ಮಸೆಯಿರಿ. ಇನ್ನೊಂದು ಪಾತ್ರೆಯಲ್ಲಿ ಹೆಚ್ಚಿದ ಎರಡು ಟೊಮೆಟೊ, ಅಡಿಕೆ ಗಾತ್ರದ ಹುಣಸೆಹಣ್ಣನ್ನು ಕಿವುಚಿದ ರಸ, ಎರಡು ಚಮಚ ಸಾರಿನ ಪುಡಿ, ಉಪ್ಪು, ಚೂರು ಬೆಲ್ಲ ಹಾಕಿ ಹಸಿ ವಾಸನೆ ಹೋಗುವ ತನಕ ಕುದಿಸಿ. ಮಸೆದ ಬೇಳೆ ಸೇರಿಸಿ, ಬೇಕಾದಷ್ಟು ನೀರು ಹಾಕಿ ಒಂದು ಕುದಿ ಬರಿಸಿ. ಸಾರಿನ ಪುಡಿ ಅಂಗಡಿಯದ್ದಾದರೆ ನಾಚಿಕೆ ಪಡಬೇಕಿಲ್ಲ. ಪುಡಿ ಹುರಿಯುವುದು ಎರಡನೇ ತಿಂಗಳ ಪಾಠ.

ಬೇಳೆ ಬೇಯುವ ಮುಂಚೆ ಹುಳಿ ಹಾಕಬೇಡ ಎಂದು ಅಜ್ಜಿಯಂದಿರು ಹೇಳುತ್ತಿದ್ದುದು ಸರಿಯಾದ ಮಾತು. ಕಾಳಿನ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವುದು ಪೆಕ್ಟಿನ್ ಎಂಬ ವಸ್ತು. ಅದು ಕರಗಿದರೆ ಬೇಳೆ ಮೆತ್ತಗಾಗುತ್ತದೆ. ಹುಳಿ ಇರುವ ನೀರಿನಲ್ಲಿ ಪೆಕ್ಟಿನ್ ಸುಲಭಕ್ಕೆ ಕರಗುವುದಿಲ್ಲ. ಬೋರ್‌ವೆಲ್ಲಿನ ಗಡಸು ನೀರಿನಲ್ಲೂ ಇದೇ ಕಥೆ. ಅದರಲ್ಲಿರುವ ಕ್ಯಾಲ್ಸಿಯಂ ಪೆಕ್ಟಿನ್ನನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಹೊಸ ಬಡಾವಣೆಗೆ ಮನೆ ಬದಲಿಸಿದ ಮೇಲೆ ಬೇಳೆ ಬೇಯುತ್ತಲೇ ಇಲ್ಲ ಎಂದು ದೂರುವವರು ಬೇಳೆ ಅಂಗಡಿಯವರನ್ನು ಬಯ್ಯುವ ಮುಂಚೆ ಕುಡಿಯುವ ನೀರಿನಲ್ಲಿ ಒಮ್ಮೆ ಬೇಯಿಸಿ ನೋಡಲಿ. ಅಡುಗೆ ಸೋಡ ಹಾಕಿದರೆ ಬೇಗ ಬೇಯುತ್ತದೆ ನಿಜ, ಆದರೆ ಅದು ಥಯಾಮಿನ್ ಎಂಬ ಬಿ1 ವಿಟಮಿನ್ನನ್ನು ಹಾಳು ಮಾಡುತ್ತದೆ. ಅರ್ಧ ಗಂಟೆ ನೆನೆಹಾಕುವುದು ಅದಕ್ಕಿಂತ ಒಳ್ಳೆಯದು.

ಈಗ ಆ ನೊರೆಯ ವಿಷಯ. ಬೇಳೆ ಕುದಿಯುವಾಗ ಬರುವ ಬಿಳಿ ನೊರೆ ಯೂರಿಕ್ ಆಸಿಡ್ ಅಲ್ಲ. ಬೇಳೆಯ ಪ್ರೋಟೀನ್, ಪಿಷ್ಟ, ಸಪೋನಿನ್ ಎಂಬ ಸಸ್ಯಜನ್ಯ ವಸ್ತು ಸೇರಿ ಗುಳ್ಳೆಯನ್ನು ಹಿಡಿದಿಡುತ್ತವೆ, ಅಷ್ಟೇ. ಸಪೋನಿನ್ ಇರುವುದರಿಂದಲೇ ಅಂಟುವಾಳ ಕಾಯಿಯೂ ನೊರೆ ಕೊಡುತ್ತದೆ. ಯೂರಿಕ್ ಆಸಿಡ್ ತಯಾರಾಗುವುದು ನಮ್ಮ ದೇಹದೊಳಗೆ, ಪ್ಯೂರಿನ್ ಎಂಬ ವಸ್ತು ಒಡೆದಾಗ. ಬೇಳೆಯಲ್ಲೂ ಪ್ಯೂರಿನ್ ಇದೆ, ಆದರೆ ಅದನ್ನು ನೊರೆಯ ಜೊತೆ ಸೌಟಿನಲ್ಲಿ ತೆಗೆದು ಎಸೆಯಲಾಗುವುದಿಲ್ಲ. 2004ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಅಧ್ಯಯನವೊಂದು 47 ಸಾವಿರಕ್ಕೂ ಹೆಚ್ಚು ಗಂಡಸರನ್ನು 12 ವರ್ಷ ಗಮನಿಸಿತ್ತು. ಮಾಂಸ, ಮೀನು ಹೆಚ್ಚು ತಿನ್ನುವವರಲ್ಲಿ ಗೌಟ್ ಎಂಬ ಕೀಲುನೋವು ಹೆಚ್ಚು ಕಂಡಿತು. ಪ್ಯೂರಿನ್ ಇರುವ ತರಕಾರಿ, ಕಾಳುಗಳಿಂದ ಹಾಗೆ ಹೆಚ್ಚಾದದ್ದು ಕಾಣಲಿಲ್ಲ. ಈಗಾಗಲೇ ಗೌಟ್ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಬೇಳೆ ಎಷ್ಟು ತಿನ್ನಬೇಕೆಂದು ವೈದ್ಯರನ್ನೇ ಕೇಳಲಿ. ಉಳಿದವರಿಗೆ ನೊರೆ ತೆಗೆಯಲು ಇರುವ ಕಾರಣ ಒಂದೇ, ಅದು ಕುಕ್ಕರಿನ ರಂಧ್ರಕ್ಕೆ ಹೋಗಿ ಕಟ್ಟಿಕೊಳ್ಳಬಹುದು. ಮೇಲೆ ಹೇಳಿದ ಅರ್ಧ ಚಮಚ ಎಣ್ಣೆ ನೊರೆಯನ್ನು ತಗ್ಗಿಸಲೆಂದೇ.

ಸಾರನ್ನು ಸ್ಟೀಲ್ ಪಾತ್ರೆಯಲ್ಲಿ ಕುದಿಸಿ. ಹುಳಿ ತಾಗಿದರೆ ಅಲ್ಯೂಮಿನಿಯಂ ತುಸು ಕರಗಿ ಸಾರಿಗೆ ಸೇರುತ್ತದೆ. ಹಾಗೆಂದು ಅಲ್ಯೂಮಿನಿಯಂ ಕುಕ್ಕರಿನಿಂದಲೇ ಮರೆವಿನ ಕಾಯಿಲೆ ಬರುತ್ತದೆ ಎಂಬುದು ಸಾಬೀತಾಗಿಲ್ಲ.

ಒಗ್ಗರಣೆ: ಕ್ರಮ ತಪ್ಪಿದರೆ ಕಹಿ

ಸಾರಿಗೂ, ಮುಂದೆ ಬರುವ ಮೂರೂ ಅಡುಗೆಗಳಿಗೂ ಒಗ್ಗರಣೆ ಬೇಕು. ಆದ್ದರಿಂದ ಇದನ್ನು ಸ್ವಲ್ಪ ನಿಧಾನಕ್ಕೆ ನೋಡೋಣ. ಎಣ್ಣೆ ಕಾದ ಮೇಲೆ ಮೊದಲು ಸಾಸಿವೆ. ಅದರೊಳಗಿನ ಸ್ವಲ್ಪ ನೀರು ಆವಿಯಾಗಿ ಸಿಪ್ಪೆ ಒಡೆದು ಹೊರಬರುವ ಸದ್ದೇ ಚಟಪಟ. ಸದ್ದು ಕಡಿಮೆಯಾಗುವಾಗ ಕಡಲೆಬೇಳೆ, ಉದ್ದಿನಬೇಳೆ. ಅವು ಹೊಂಬಣ್ಣಕ್ಕೆ ತಿರುಗಿದಾಗ ಬರುವ ಘಮಕ್ಕೆ ಮೇಲಾರ್ಡ್ ಕ್ರಿಯೆ ಎಂದು ಹೆಸರು, 1912ರಲ್ಲಿ ಅದನ್ನು ವಿವರಿಸಿದ ಲೂಯಿ ಕಮಿಲ್ ಮೇಲಾರ್ಡ್‌ನಿಂದ ಬಂದದ್ದು. ಆಮೇಲೆ ಒಣಮೆಣಸಿನಕಾಯಿ, ಕೊನೆಗೆ ಇಂಗು, ಕರಿಬೇವು. ಇಂಗು, ಕರಿಬೇವು, ಮೆಣಸಿನ ಘಮದ ಅಂಶಗಳು ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತವೆ. ಅದಕ್ಕೇ ಅವನ್ನು ಸಾರಿಗೆ ನೇರವಾಗಿ ಹಾಕದೆ ಎಣ್ಣೆಯ ಮೂಲಕ ಹಾಕುವುದು. ಎಲ್ಲವನ್ನೂ ಒಟ್ಟಿಗೆ ಸುರಿದರೆ ಸಾಸಿವೆ ಸಿಡಿಯುವಷ್ಟರಲ್ಲಿ ಇಂಗು ಸೀದಿರುತ್ತದೆ. ಸಾರಿಗೆ ಬೇಳೆಗಳು ಬೇಡ, ಉಳಿದದ್ದು ಸಾಕು.

ಕರಿಬೇವನ್ನು ತೊಳೆದರೆ ಒರೆಸಿಯೇ ಹಾಕಿ. ನೀರಿನ ಹನಿ ಕಾದ ಎಣ್ಣೆಗೆ ಬಿದ್ದ ಕೂಡಲೇ ಆವಿಯಾಗಿ ಎಣ್ಣೆಯನ್ನು ಎತ್ತಿ ಮುಖಕ್ಕೆ ಹಾರಿಸುತ್ತದೆ. ಇದೇ ಕಾರಣಕ್ಕೆ ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಎರಚಲೇಬಾರದು. ಗ್ಯಾಸ್ ಆರಿಸಿ, ದೊಡ್ಡ ತಟ್ಟೆಯನ್ನು ಪಕ್ಕದಿಂದ ಸರಿಸುತ್ತ ಬಾಣಲೆಯ ಮೇಲೆ ಮುಚ್ಚಿ. ಗಾಳಿ ಸಿಗದೆ ಆರುತ್ತದೆ. ಅದನ್ನು ಎತ್ತಿಕೊಂಡು ಬಚ್ಚಲಿಗೆ ಓಡಬೇಡಿ.

ಉಪ್ಪಿಟ್ಟು ಕಾಂಕ್ರೀಟ್ ಆಗುವುದೇಕೆ?

ಹಾಸ್ಟೆಲ್ಲಿನಲ್ಲಿ ಉಪ್ಪಿಟ್ಟಿಗೆ ಇರುವ ಅಡ್ಡಹೆಸರು ಎಲ್ಲರಿಗೂ ಗೊತ್ತು. ಆ ಹೆಸರು ಬರಲು ಎರಡು ಕಾರಣ: ನೀರು ಕಡಿಮೆ, ರವೆ ಹುರಿದದ್ದು ಕಡಿಮೆ. ಒಂದು ಲೋಟ ರವೆಯನ್ನು ಸಣ್ಣ ಉರಿಯಲ್ಲಿ ಘಮ ಬರುವ ತನಕ ಹುರಿದು ತೆಗೆದಿಡಿ. ಬಣ್ಣ ಬದಲಾಗಬೇಕಿಲ್ಲ. ಒಗ್ಗರಣೆಗೆ ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಬಾಡಿಸಿ, ಮೂರು ಲೋಟ ನೀರು, ಉಪ್ಪು ಹಾಕಿ ಕುದಿಸಿ. ನೀರು ಕುದಿಯುತ್ತಿರುವಾಗ ಒಂದು ಕೈಯಲ್ಲಿ ರವೆಯನ್ನು ಮಳೆಯಂತೆ ಉದುರಿಸುತ್ತ, ಇನ್ನೊಂದು ಕೈಯಲ್ಲಿ ತಿರುವುತ್ತಿರಿ. ಸಣ್ಣ ಉರಿಯಲ್ಲಿ ಐದು ನಿಮಿಷ ಮುಚ್ಚಿಡಿ.

ರವೆಯನ್ನು ಒಂದೇ ಸಲ ಸುರಿದರೆ ಗಂಟಾಗುತ್ತದೆ. ರಾಶಿಯ ಹೊರಮೈಯ ಪಿಷ್ಟ ಬಿಸಿನೀರು ತಾಗಿದ ತಕ್ಷಣ ಉಬ್ಬಿ ಅಂಟಿನ ಪದರವಾಗುತ್ತದೆ. ಆ ಪದರ ದಾಟಿ ನೀರು ಒಳಕ್ಕೆ ಹೋಗುವುದಿಲ್ಲ. ಗಂಟು ಒಡೆದು ನೋಡಿ, ಒಳಗೆ ರವೆ ಒಣಗಿಯೇ ಇರುತ್ತದೆ.

ಚಿತ್ರಾನ್ನ, ಮತ್ತು ರಾತ್ರಿ ಉಳಿದ ಅನ್ನ

ಚಿತ್ರಾನ್ನ ಮಾಡುವುದು ಹೇಳಿಕೊಡುವಷ್ಟು ಕಷ್ಟವೇನಲ್ಲ. ಒಗ್ಗರಣೆಗೆ ಕಡಲೆಕಾಯಿ ಬೀಜ, ಹಸಿಮೆಣಸಿನಕಾಯಿ, ಅರಿಶಿನ ಸೇರಿಸಿ, ಅನ್ನ, ಉಪ್ಪು ಹಾಕಿ ಕಲಸಿ, ಒಲೆ ಆರಿಸಿದ ಮೇಲೆ ನಿಂಬೆರಸ ಹಿಂಡಿ. ಮೊದಲೇ ಹಿಂಡಿ ಕಾಯಿಸಿದರೆ ಘಮವೂ ಹೋಗುತ್ತದೆ, ಸಿ ವಿಟಮಿನ್ನೂ ಕಡಿಮೆಯಾಗುತ್ತದೆ. ಅಂಗಿಗೆ ಬಿದ್ದ ಅರಿಶಿನದ ಕಲೆಗೆ ಸೋಪು ಹಚ್ಚಿದಾಗ ಕೆಂಪಾದರೆ ಗಾಬರಿಯಾಗಬೇಡಿ. ಕ್ಷಾರ ತಾಗಿದರೆ ಅರಿಶಿನ ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುತ್ತಿದ್ದುದೂ ಇದೇ ಗುಣದಿಂದ.

ಚಿತ್ರಾನ್ನಕ್ಕೆ ಬಿಸಿ ಅನ್ನಕ್ಕಿಂತ ತಣ್ಣಗಾದ ಅನ್ನ ಚೆನ್ನ. ತಣಿದಾಗ ಪಿಷ್ಟ ಮತ್ತೆ ಗಟ್ಟಿಯಾಗಿ ಅಗುಳು ಬಿಡಿಬಿಡಿಯಾಗುತ್ತದೆ. ಆದ್ದರಿಂದಲೇ ರಾತ್ರಿ ಉಳಿದ ಅನ್ನ ಬೆಳಿಗ್ಗೆ ಚಿತ್ರಾನ್ನವಾಗುವುದು ನಮ್ಮ ಮನೆಗಳ ವಾಡಿಕೆ. ಇಲ್ಲಿ ಎರಡು ಬಗೆಯ ಫಾರ್ವರ್ಡ್‌ಗಳು ಎದುರುಬದುರು ನಿಂತಿವೆ. ಒಂದು, ತಂಗಳನ್ನ ವಿಷ ಎನ್ನುತ್ತದೆ. ಇನ್ನೊಂದು, ತಂಗಳನ್ನ ತಿಂದರೆ ಸಕಲ ರೋಗವೂ ವಾಸಿ ಎನ್ನುತ್ತದೆ. ಅನ್ನ ಎಷ್ಟು ಹೊತ್ತು, ಎಲ್ಲಿ, ಹೇಗಿತ್ತು ಎಂಬುದನ್ನು ಎರಡೂ ಕೇಳುವುದಿಲ್ಲ. ವಿಷಯ ಇರುವುದು ಅಲ್ಲೇ.

ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ಸಾಮಾನ್ಯ. ಗದ್ದೆಯಿಂದಲೇ ಅದು ಅಕ್ಕಿಯ ಜೊತೆ ಬರುತ್ತದೆ. ಅನ್ನ ಬೇಯಿಸಿದಾಗ ಬ್ಯಾಕ್ಟೀರಿಯಾ ಸಾಯುತ್ತದೆ, ಆದರೆ ಅದರ ಬೀಜಕಗಳು ಕುದಿಯನ್ನೂ ತಾಳಿಕೊಂಡು ಉಳಿಯುತ್ತವೆ. ಅನ್ನ ಉಗುರುಬೆಚ್ಚಗಾದಾಗ ಅವು ಮೊಳೆತು ಮತ್ತೆ ಬ್ಯಾಕ್ಟೀರಿಯಾಗಳಾಗಿ ಬೆಳೆಯುತ್ತವೆ. ಕೆಲವು ತಳಿಗಳು ಬೆಳೆಯುತ್ತ ವಾಂತಿ ತರಿಸುವ ವಿಷವನ್ನು ಅನ್ನದಲ್ಲೇ ಬಿಡುತ್ತವೆ. ಈ ವಿಷಕ್ಕೆ ಬಿಸಿಯ ಭಯವಿಲ್ಲ. ಬೆಳಿಗ್ಗೆ ಎಷ್ಟೇ ಚೆನ್ನಾಗಿ ಬಿಸಿ ಮಾಡಿದರೂ, ಒಗ್ಗರಣೆಯಲ್ಲಿ ಹುರಿದರೂ ಅದು ಹಾಗೇ ಇರುತ್ತದೆ. ಅನ್ನದ ವಾಸನೆ, ರುಚಿ ಕೆಡದೆಯೂ ಇರಬಹುದು. ಹೀಗೆ ವಾಂತಿಯಾಗುವುದು 1970ರ ದಶಕದ ಆರಂಭದಲ್ಲಿ ಬ್ರಿಟನ್ನಿನಲ್ಲಿ ಫ್ರೈಡ್ ರೈಸ್ ತಿಂದವರಲ್ಲಿ ಗುರುತಾಯಿತು. ಅಲ್ಲೂ ಆದದ್ದು ಇದೇ: ದೊಡ್ಡ ಪ್ರಮಾಣದಲ್ಲಿ ಅನ್ನ ಮಾಡಿ ಹೊರಗೇ ಇಟ್ಟು, ಆಮೇಲೆ ಹುರಿದು ಬಡಿಸುತ್ತಿದ್ದರು.

ತಿಂದು ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಕರಿಕೆ, ವಾಂತಿ ಶುರುವಾಗುತ್ತದೆ. ಬಹುತೇಕರಿಗೆ ಒಂದು ದಿನದಲ್ಲಿ ವಾಸಿಯಾಗುತ್ತದೆ. ಓಆರ್‌ಎಸ್ ನೀರನ್ನು ಗುಟುಕು ಗುಟುಕಾಗಿ ಕುಡಿಯುತ್ತಿರಬೇಕು. ಚಿಕ್ಕ ಮಕ್ಕಳು, ವಯಸ್ಸಾದವರು, ಗರ್ಭಿಣಿಯರು ಆದರೆ, ಅಥವಾ ಕುಡಿದದ್ದು ಹೊಟ್ಟೆಯಲ್ಲಿ ನಿಲ್ಲುತ್ತಲೇ ಇಲ್ಲ, ಮೂತ್ರ ಕಡಿಮೆಯಾಗಿದೆ ಎಂದಾದರೆ ಕಾಯುವುದು ಬೇಡ, ಆಸ್ಪತ್ರೆಗೆ ಹೋಗಿ.

ತಡೆಯುವುದು ಸುಲಭ. ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಇಡಬೇಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದೋ 60 ಡಿಗ್ರಿಗಿಂತ ಬಿಸಿಯಾಗಿರಬೇಕು, ಇಲ್ಲವೇ 5 ಡಿಗ್ರಿಗಿಂತ ತಣ್ಣಗಿರಬೇಕು. ನಡುವಿನದ್ದು ಬ್ಯಾಕ್ಟೀರಿಯಾಗಳಿಗೆ ಹಬ್ಬ. ಊಟ ಮುಗಿದ ಕೂಡಲೇ ಉಳಿದ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ, ಹಬೆ ಇಳಿದ ಮೇಲೆ ಡಬ್ಬಿಗೆ ತುಂಬಿ ಫ್ರಿಜ್ಜಿನಲ್ಲಿಡಿ. ಬೆಚ್ಚಗಿರುವುದನ್ನು ಫ್ರಿಜ್ಜಿಗೆ ಇಟ್ಟರೆ ಅನ್ನ ಕೆಡುತ್ತದೆ ಎಂಬುದು ಸುಳ್ಳು. ಪಾತ್ರೆ ಸಮೇತ ದೊಡ್ಡ ರಾಶಿ ಇಟ್ಟರೆ ಒಳಭಾಗ ತಣಿಯಲು ಹೊತ್ತಾಗುತ್ತದೆ, ಅಷ್ಟೇ. ಮಾರನೆಯ ದಿನದೊಳಗೆ, ಒಂದೇ ಸಲ ಚೆನ್ನಾಗಿ ಬಿಸಿ ಮಾಡಿ ತಿಂದು ಮುಗಿಸಿ. ರಾತ್ರಿ ಎಂಟಕ್ಕೆ ಮಾಡಿದ ಅನ್ನ ಬೆಳಗಿನ ತನಕ ಕುಕ್ಕರಿನಲ್ಲೇ ಕೂತಿತ್ತು ಎಂದಾದರೆ ಬಿಟ್ಟುಬಿಡಿ. ಫ್ರಿಜ್ ಇಲ್ಲದ ರೂಮಿನವರಿಗೆ ಇರುವ ದಾರಿ ಒಂದೇ, ಒಂದು ಹೊತ್ತಿಗೆ ಬೇಕಾದಷ್ಟೇ ಅಕ್ಕಿ ಅಳೆಯುವುದು.

ಹಾಗಾದರೆ ಹಳ್ಳಿಗಳಲ್ಲಿ ತಂಗಳನ್ನ ತಿಂದವರೆಲ್ಲ ಚೆನ್ನಾಗಿಯೇ ಇದ್ದರಲ್ಲ ಎಂದು ಕೇಳುವವರಿದ್ದಾರೆ. ಅನ್ನಕ್ಕೆ ನೀರು, ಮಜ್ಜಿಗೆ ಹಾಕಿ ಹುಳಿ ಬರಿಸುವುದು ಹಳೆಯ ಪದ್ಧತಿ. ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾಗಳು ಹುಳಿ ಹೆಚ್ಚಿಸಿದಂತೆ ಬ್ಯಾಸಿಲಸ್ ಸೀರಿಯಸ್‌ಗೆ ಬೆಳೆಯುವುದು ಕಷ್ಟವಾಗುತ್ತದೆ. ಬರೀ ಅನ್ನವನ್ನು ಮುಚ್ಚಿಡುವುದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಆದರೆ ಹುಳಿ ಏರಲು ಹೊತ್ತು ಬೇಕು, ಅಷ್ಟರೊಳಗೆ ಏನೂ ಆಗುವುದಿಲ್ಲ ಎಂಬ ಖಾತ್ರಿ ಇಲ್ಲ. ಸಕಲ ರೋಗಕ್ಕೂ ಮದ್ದು ಎಂಬುದಂತೂ ಅತಿ ಮಾತು.

ಮೊಸರನ್ನಕ್ಕೆ ಉಪ್ಪು ಹಾಕಬಹುದಾ?

ಧಾರಾಳವಾಗಿ ಹಾಕಬಹುದು. ಉಪ್ಪು ಬಿದ್ದರೆ ಮೊಸರಿನ ಒಳ್ಳೆಯ ಬ್ಯಾಕ್ಟೀರಿಯಾಗಳೆಲ್ಲ ಸತ್ತು ವಿಷವಾಗುತ್ತದೆ ಎಂಬ ವಿಡಿಯೊ ವರ್ಷಗಳಿಂದ ಓಡಾಡುತ್ತಿದೆ. ಅದೇ ಬಳಗದ ಬ್ಯಾಕ್ಟೀರಿಯಾಗಳು ಇಡ್ಲಿ ಹಿಟ್ಟಿನಲ್ಲೂ ಇವೆ. ಹಿಟ್ಟಿಗೆ ರಾತ್ರಿಯೇ ಉಪ್ಪು ಹಾಕಿ ಕಲಸಿದರೂ ಬೆಳಿಗ್ಗೆ ಅದು ಉಬ್ಬುತ್ತದಲ್ಲ! ಚಿಟಿಕೆ ಉಪ್ಪಿಗೆ ಸಾಯುವ ಜೀವಿಗಳಲ್ಲ ಅವು. ಒಂದು ವೇಳೆ ಸತ್ತರೂ ವಿಷವಾಗುವುದಿಲ್ಲ. ಅವುಗಳಿಗೆ ನಿಜವಾಗಿ ತೊಂದರೆ ಕೊಡುವುದು ಬಿಸಿ. ಆದ್ದರಿಂದ ಅನ್ನ ಮೆತ್ತಗೆ ಮಾಡಿ, ಮಸೆದು, ಕೈಗೆ ಸಹಿಸುವಷ್ಟು ತಣಿದ ಮೇಲೆ ಮೊಸರು ಬೆರೆಸಿ. ಮೊಸರು ಒಡೆದಂತಾಗುವುದೂ ತಪ್ಪುತ್ತದೆ. ಮೇಲೆ ಸಾಸಿವೆ, ಇಂಗು, ಶುಂಠಿಯ ಒಗ್ಗರಣೆ. ರಕ್ತದೊತ್ತಡ ಇರುವವರು ಉಪ್ಪು ಕಡಿಮೆ ಮಾಡಬೇಕಾದ್ದು ಬೇರೆ ಮಾತು. ಅದಕ್ಕೆ ಮೊಸರು ಕಾರಣವಲ್ಲ.

ಸಾರಿಗೆ ಉಪ್ಪು ಹೆಚ್ಚಾದರೆ?

ಕಲಿಯುವವರು ಖಂಡಿತ ಕೇಳುವ ಪ್ರಶ್ನೆ ಇದು. ಒಂದು ಆಲೂಗಡ್ಡೆ ಹಾಕಿ, ಅದು ಉಪ್ಪನ್ನು ಹೀರಿಕೊಳ್ಳುತ್ತದೆ ಎನ್ನುವುದು ಎಲ್ಲ ಗ್ರೂಪುಗಳಲ್ಲೂ ಇರುವ ಉತ್ತರ. ಆಲೂಗಡ್ಡೆ ಉಪ್ಪನ್ನು ಮಾತ್ರ ಆರಿಸಿ ಹೀರುವುದಿಲ್ಲ, ಉಪ್ಪುನೀರನ್ನು ಹೀರುತ್ತದೆ. ಉಳಿದ ಸಾರು ಮೊದಲಿನಷ್ಟೇ ಉಪ್ಪಾಗಿರುತ್ತದೆ, ಪ್ರಮಾಣ ಕಡಿಮೆಯಾಗಿರುತ್ತದೆ. ಇದ್ದದ್ದನ್ನು ತೆಳು ಮಾಡುವುದೇ ಉಪಾಯ. ಬೇಯಿಸಿದ ಬೇಳೆ ಇದ್ದರೆ ಇನ್ನೊಂದಿಷ್ಟು ಸೇರಿಸಿ, ಇಲ್ಲದಿದ್ದರೆ ಬಿಸಿನೀರು ಹಾಕಿ, ತುಸು ಸಾರಿನ ಪುಡಿ ಸೇರಿಸಿ ಮತ್ತೆ ಕುದಿಸಿ. ಸಾರು ಇಬ್ಬರಿಗೆಂದು ಮಾಡಿದ್ದು ನಾಲ್ವರಿಗಾಗುತ್ತದೆ. ಪಕ್ಕದ ರೂಮಿನವರನ್ನು ಊಟಕ್ಕೆ ಕರೆಯಿರಿ. ಆಲೂಗಡ್ಡೆ ಈಗಾಗಲೇ ಹಾಕಿದ್ದರೆ ಅದನ್ನೂ ಎಸೆಯಬೇಡಿ, ಮಸೆದು ಅನ್ನದ ಜೊತೆ ಕಲಸಿದರೆ ಉಪ್ಪು ಹದವಾಗಿಯೇ ಇರುತ್ತದೆ.